ಯುವ ಆರ್ಕೆಸ್ಟ್ರಾ ಆಡಿಷನ್‌ಗೆ ಸಿದ್ಧತೆ: ಮುಂಬಯಿಯ ಕನ್ನಡ ಮನೆಗಳ ಮಕ್ಕಳಿಗೂ ಹೆತ್ತವರಿಗೂ

ಡೊಂಬಿವಲಿಯ ನಮ್ಮ ಮನೆಯ ಹಜಾರದಲ್ಲಿ ವಾರಕ್ಕೆ ಐದು ಸಂಜೆ ವಯಲಿನ್ ಪಾಠ ನಡೆಯುತ್ತದೆ. ಬರುವವರಲ್ಲಿ ಹೆಚ್ಚಿನವರು ಕನ್ನಡ, ತುಳು ಮಾತನಾಡುವ ಮನೆಗಳ ಮಕ್ಕಳು. ಕೆಲವರು ನೆಲದ ಮೇಲೆ ಕುಳಿತು ಕರ್ನಾಟಕ ಸಂಗೀತದ ಪಿಟೀಲು ಕಲಿತು, ಆಮೇಲೆ ಪಾಶ್ಚಾತ್ಯ ಸಂಗೀತಕ್ಕೆ ಮನಸೋತು ಬಂದವರು. ವರ್ಷಕ್ಕೆ ಒಂದೆರಡು ಸಲ ಯಾರಾದರೊಬ್ಬ ತಾಯಿ ಮೊಬೈಲನ್ನು ನನ್ನ ಮುಂದೆ ಹಿಡಿದು, "ಟೀಚರ್, ಯುವ ಆರ್ಕೆಸ್ಟ್ರಾಕ್ಕೆ ಆಡಿಷನ್ ಕರೆದಿದ್ದಾರೆ, ಇವಳನ್ನು ಕಳಿಸಬಹುದೇ?" ಎಂದು ಕೇಳುತ್ತಾರೆ. ಕಳಿಸಬಹುದು, ಕಳಿಸಲೇಬೇಕು ಎನ್ನುವುದು ನನ್ನ ಉತ್ತರ. ಆದರೆ ಹೇಗೆ ತಯಾರಾಗಬೇಕು ಎನ್ನುವುದನ್ನು ಬಾಗಿಲಲ್ಲಿ ನಿಂತು ಹೇಳಿ ಮುಗಿಸಲಾಗುವುದಿಲ್ಲ. ಅದಕ್ಕಾಗಿ ಇಷ್ಟುದ್ದದ ಬರಹ.

ಮೊದಲು ಒಂದು ಘಟನೆ. ಒಮ್ಮೆ ನನ್ನ ಇಬ್ಬರು ವಿದ್ಯಾರ್ಥಿನಿಯರು ಒಂದೇ ಆಡಿಷನ್‌ಗೆ ಹೋದರು. ದೊಡ್ಡವಳು ತನ್ನ ಕೈಗೆ ನಿಲುಕುವ ಅತ್ಯಂತ ಕಠಿಣ ಕಾನ್ಸರ್ಟೊ (ಏಕವಾದ್ಯವನ್ನು ಮುಂದಿಟ್ಟು ಬರೆದ ದೊಡ್ಡ ಕೃತಿ) ಆರಿಸಿಕೊಂಡಳು. ಚಿಕ್ಕವಳು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನದನ್ನು, ನಿದ್ದೆಯಿಂದ ಎಬ್ಬಿಸಿದರೂ ನುಡಿಸಬಲ್ಲಂಥದ್ದನ್ನು ಒಯ್ದಳು. ದೊಡ್ಡವಳ ಕಷ್ಟದ ಜಾಗಗಳೆಲ್ಲ ಬಂದವು, ಆದರೆ ಅವುಗಳಿಗೆ ಮುನ್ನ ಪ್ರತಿ ಸಲವೂ ಲಯ ತುಸು ಎಳೆಯಿತು. ಆಯ್ಕೆಯಾದದ್ದು ಚಿಕ್ಕವಳು. ತೀರ್ಪುಗಾರರು ಸರಿಯಾಗಿಯೇ ಆರಿಸಿದ್ದರು. ಐವತ್ತು ಜನ ಒಟ್ಟಿಗೆ ನುಡಿಸುವಲ್ಲಿ ಒಬ್ಬರು ಕಷ್ಟ ಬಂದಾಗಲೆಲ್ಲ ನಿಧಾನವಾದರೆ ಪಕ್ಕದವರು ಏನು ಮಾಡಬೇಕು? ಶ್ರುತಿ, ಲಯ, ಪಕ್ಕದವರತ್ತ ತೆರೆದ ಕಿವಿ: ಈ ಮೂರು ಇದ್ದ ಮಗುವನ್ನು ಎಲ್ಲ ಆರ್ಕೆಸ್ಟ್ರಾಗಳೂ ಬಯಸುತ್ತವೆ. ಮುಂದಿನ ಪ್ರತಿ ಹಂತವೂ ಈ ಮೂರಕ್ಕಾಗಿಯೇ.

ಪ್ರಕಟಣೆ ಓದುವುದು

ಕನಿಷ್ಠ ಹತ್ತು ವಾರ ಕೈಯಲ್ಲಿರುವಾಗಲೇ ಪ್ರಕಟಣೆಯನ್ನು ಪೂರ್ತಿ ಓದಿ, ಕಾಗದದ ಮೇಲೆ ಬರೆದುಕೊಳ್ಳಿ. ವಯಸ್ಸಿನ ಮಿತಿ ಎಷ್ಟು, ಯಾವ ಸ್ಕೇಲ್‌ಗಳು (ಸ್ವರಗಳ ಆರೋಹಣ, ಅವರೋಹಣ), ಎಷ್ಟು ನಿಮಿಷದ ಏಕವಾದನ, ಆರ್ಕೆಸ್ಟ್ರಾ ಕೃತಿಯ ಆಯ್ದ ಭಾಗ ಯಾವುದು, ಸೈಟ್ ರೀಡಿಂಗ್ (ಮೊದಲ ಸಲ ಕಾಣುವ ಸ್ವರಲಿಪಿಯನ್ನು ಅಲ್ಲೇ ಓದಿ ನುಡಿಸುವುದು) ಇದೆಯೇ, ಮೊದಲ ಸುತ್ತು ವಿಡಿಯೊ ಮೂಲಕವೇ. ಎಲ್ಲಕ್ಕಿಂತ ಮುಖ್ಯವಾಗಿ, ರಿಹರ್ಸಲ್‌ಗಳು ಯಾವಾಗ, ಎಲ್ಲಿ. ನಾರಿಮನ್ ಪಾಯಿಂಟ್‌ನಲ್ಲಿ ಪ್ರತಿ ಭಾನುವಾರ ರಿಹರ್ಸಲ್ ಎಂದರೆ ಡೊಂಬಿವಲಿಯ ಅಥವಾ ವಸಾಯಿಯ ಮಗುವಿಗೆ ಇಡೀ ಭಾನುವಾರವೇ ಹೋಗುತ್ತದೆ. ಹತ್ತನೆಯ ತರಗತಿಯ ವರ್ಷವಾದರೆ ಮನೆಯವರೆಲ್ಲ ಕುಳಿತು ಮಾತನಾಡಬೇಕಾದದ್ದು ಈಗ. ಆಯ್ಕೆಯಾದ ಮೇಲೆ ಬಿಟ್ಟುಬಂದರೆ ಇನ್ನೊಂದು ಮಗುವಿನ ಜಾಗ ಖಾಲಿ ಉಳಿಯುತ್ತದೆ.

ವಯಲಿನ್‌ಗೆ ಬರುವವರು ಎಲ್ಲ ಕಡೆ ಹೆಚ್ಚು. ತೋಳು ಉದ್ದವಿರುವ, ಮಂದ್ರದ ನಾದ ಇಷ್ಟಪಡುವ ಮಗುವಾದರೆ ವಯಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾದ ಬಗ್ಗೆ ಗಂಭೀರವಾಗಿ ಯೋಚಿಸಿ. ಬೆರಳುಗಳ ಕ್ರಮ ಅದೇ; ತಂತಿಗಳು ಸಿ, ಜಿ, ಡಿ, ಎ; ಸ್ವರಲಿಪಿಯನ್ನು ಮಾತ್ರ ಆಲ್ಟೊ ಕ್ಲೆಫ್ ಎಂಬ ಬೇರೆ ಗುರುತಿನಲ್ಲಿ ಓದಲು ಹೊಸದಾಗಿ ಕಲಿಯಬೇಕು. ಅದಕ್ಕೆ ಹತ್ತು ವಾರ ಸಾಲದು, ಆದರೆ ಮುಂದಿನ ವರ್ಷದ ಆಡಿಷನ್‌ಗೆ ಖಂಡಿತ ಸಾಕು.

ಏನು ನುಡಿಸುವುದು

ಮಗುವಿಗೆ ಬರುವ ಅತ್ಯಂತ ಕಷ್ಟದ ಕೃತಿಗಿಂತ ಒಂದು ಮೆಟ್ಟಿಲು ಕೆಳಗಿನದು. ಇದನ್ನು ಒಪ್ಪಿಸಲು ನಾನು ಎಷ್ಟೋ ಹೆತ್ತವರೊಂದಿಗೆ ತಾಸುಗಟ್ಟಲೆ ಮಾತನಾಡಿದ್ದೇನೆ. ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿ ಎಂಬ ಪಾಶ್ಚಾತ್ಯ ಸಂಗೀತ ಪರೀಕ್ಷೆಗಳ ಗ್ರೇಡು ಹತ್ತಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೀರ್ಪುಗಾರರು ಎರಡು ನಿಮಿಷ ಕೇಳಿ ನಿಲ್ಲಿಸಬಹುದು. ಹಾಗಾಗಿ ಮೊದಲ ಹದಿನಾರು ಬಾರ್‌ಗಳು (ತಾಳದ ಆವರ್ತದಂಥ ಚಿಕ್ಕ ಅಳತೆಗಳು) ಹೊಳೆಯುವಂತಿರಬೇಕು. ಒಳ್ಳೆಯ ಭಾಗ ಮೂರನೆಯ ಪುಟದಲ್ಲಿದ್ದರೆ, ಅಲ್ಲಿಂದಲೇ ಶುರುಮಾಡಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

ಸ್ಕೇಲ್, ತಂಬೂರಿಯ ಜೊತೆ

ಆಡಿಷನ್‌ನಲ್ಲಿ ಮೊದಲು ಕೇಳುವುದು ಸಾಮಾನ್ಯವಾಗಿ ಸ್ಕೇಲ್. ಮಕ್ಕಳು ಅತಿ ಕಡಿಮೆ ಅಭ್ಯಾಸ ಮಾಡುವುದೂ ಅದನ್ನೇ. ಸ್ಕೇಲ್‌ನಲ್ಲಿ ಏನನ್ನೂ ಮುಚ್ಚಿಡಲಾಗುವುದಿಲ್ಲ. ಶ್ರುತಿ, ಕಮಾನಿನ ಹಿಡಿತ, ತಂತಿ ಬದಲಿಸುವ ಕೈ, ಎಲ್ಲವೂ ಅರ್ಧ ನಿಮಿಷದಲ್ಲಿ ಕಾಣುತ್ತವೆ.

ಇಲ್ಲಿ ನಮ್ಮ ಮನೆಗಳಿಗೆ ಒಂದು ದೊಡ್ಡ ಅನುಕೂಲವಿದೆ. ಜಿ ಮೇಜರ್ ಎಂದರೆ ಶಂಕರಾಭರಣದ ಸ್ವರಗಳು. ಹಾರ್ಮೋನಿಕ್ ಮೈನರ್ ಕೀರವಾಣಿ, ಮೆಲೋಡಿಕ್ ಮೈನರ್‌ನ ಆರೋಹಣ ಗೌರಿಮನೋಹರಿ. ಎಲೆಕ್ಟ್ರಾನಿಕ್ ತಂಬೂರಿಯನ್ನೋ ಮೊಬೈಲಿನ ತಂಬೂರಿಯನ್ನೋ ಸ್ಕೇಲ್‌ನ ಮೊದಲ ಸ್ವರಕ್ಕೆ ಇಟ್ಟುಕೊಳ್ಳಿ. ಅದರ ಎ ಸ್ವರ 440 ಹರ್ಟ್ಸ್‌ಗೆ (ಸೆಕೆಂಡಿಗೆ 440 ಕಂಪನ) ಕೂಡಿದೆಯೇ ಎಂದು ಟ್ಯೂನರ್‌ನಲ್ಲಿ ಒಮ್ಮೆ ನೋಡಿ. ಮೆಟ್ರೊನೋಮ್ (ನಿಮಿಷಕ್ಕೆ ಇಷ್ಟು ಸಲ ಎಂದು ಟಕ್ ಎನ್ನುವ ಲಯಯಂತ್ರ) 60ರಲ್ಲಿ, ಒಂದು ಕಮಾನಿಗೆ ಒಂದೇ ಸ್ವರ, ನಾಲ್ಕು ಎಣಿಕೆ. ಸ್ವರ ತಂಬೂರಿಯೊಳಗೆ ಕರಗುವವರೆಗೆ ಮುಂದಿನದಕ್ಕೆ ಹೋಗಬಾರದು. ಒಂದು ವಾರ ಹೀಗೆ ಮಾಡಿ. ಎರಡನೆಯ ವಾರ ಕಮಾನಿಗೆ ಎರಡು ಸ್ವರ, ಮೂರನೆಯ ವಾರ ನಾಲ್ಕು.

ವಾದ್ಯವೇ ಹೇಳಿಕೊಡುವ ಒಂದು ಗುಟ್ಟು ಇದೆ. ಡಿ ತಂತಿಯ ಮೇಲೆ ಮೂರನೆಯ ಬೆರಳಿನಿಂದ ಜಿ ನುಡಿಸಿ, ಕಣ್ಣು ಪಕ್ಕದ ಜಿ ತಂತಿಯ ಮೇಲಿರಲಿ. ಬೆರಳು ಕರಾರುವಾಕ್ಕಾಗಿ ಬಿದ್ದರೆ, ಯಾರೂ ಮುಟ್ಟದ ಆ ತಂತಿ ತಾನಾಗಿ ಕಂಪಿಸಿ ಮಸುಕಾಗಿ ಕಾಣುತ್ತದೆ. ಕೂದಲೆಳೆಯಷ್ಟು ತಪ್ಪಿದರೆ ಅದು ಸುಮ್ಮನೆ ನಿಂತಿರುತ್ತದೆ. ಒಂಬತ್ತು ವರ್ಷದ ಹುಡುಗನೊಬ್ಬ ಇದನ್ನು ಮೊದಲ ಸಲ ಕಂಡಾಗ ಕಮಾನು ನಿಲ್ಲಿಸಿ, ಮೂಗು ತಂತಿಗೆ ತಾಗುವಷ್ಟು ಬಗ್ಗಿ ನೋಡಿದ. ಆಮೇಲೆ ಅವನಿಗೆ ಶ್ರುತಿಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಲಿಲ್ಲ.

ಲಯ

ಮೆಟ್ರೊನೋಮ್ ಹಾಕಿ ನುಡಿಸುವುದಷ್ಟೇ ಲಯದ ಅಭ್ಯಾಸವಾಗುವುದಿಲ್ಲ, ಏಕೆಂದರೆ ಅದು ಟಕ್ ಟಕ್ ಎನ್ನುತ್ತಿರುವಾಗ ಮಗು ಎಣಿಸುವುದನ್ನೇ ಬಿಡುತ್ತದೆ. ನಾನು ಮೂರು ಹಂತದಲ್ಲಿ ಮಾಡಿಸುತ್ತೇನೆ. ಮೊದಲು ಪ್ರತಿ ಎಣಿಕೆಗೂ ಒಂದು ಟಕ್. ನಂತರ ಬಾರ್‌ನ ಮೊದಲ ಎಣಿಕೆಗೆ ಮಾತ್ರ. ಉಳಿದ ಎಣಿಕೆಗಳನ್ನು ಒಳಗೇ ಹಿಡಿದಿರಬೇಕು. ಕೊನೆಗೆ ಅದನ್ನು ನಿಲ್ಲಿಸಿ, ಧ್ವನಿಮುದ್ರಿಸಿ, ಮುದ್ರಣದ ಜೊತೆ ಮೆಟ್ರೊನೋಮ್ ಹಾಕಿ ಎಲ್ಲಿ ಓಡಿತು, ಎಲ್ಲಿ ಎಳೆಯಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡುವುದು. ಸುಲಭದ ಜಾಗದಲ್ಲಿ ಓಡುವುದು, ಕಷ್ಟದ ಜಾಗದಲ್ಲಿ ಎಳೆಯುವುದು, ಉದ್ದ ಸ್ವರವನ್ನು ಪೂರ್ತಿ ಹಿಡಿಯದೆ ಬಿಡುವುದು. ಹೆಚ್ಚಿನ ಮಕ್ಕಳಲ್ಲಿ ಈ ಮೂರೇ ದೋಷಗಳು.

ವೇಗ ಏರಿಸುವಾಗ ಒಂದೇ ನಿಯಮ: ಒಂದು ವೇಗದಲ್ಲಿ ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ನಾಲ್ಕು ಅಂಕ ಮೇಲಕ್ಕೆ, ಮೂರು ಸಲ ತಪ್ಪಿದರೆ ಎಂಟು ಅಂಕ ಕೆಳಕ್ಕೆ.

ಆರ್ಕೆಸ್ಟ್ರಾದ ಆಯ್ದ ಭಾಗ

ಸಿದ್ಧತೆಯ ಅರ್ಧ ಸಮಯವನ್ನು ನಾನು ಇದಕ್ಕೇ ಕೊಡುತ್ತೇನೆ. ಕೃತಿಯ ಹೆಸರು ತಿಳಿದ ಕೂಡಲೇ ವಾದ್ಯ ಎತ್ತಿಕೊಳ್ಳಬೇಡಿ. ಮೊದಲು ಪೂರ್ತಿ ಸ್ಕೋರ್ (ಎಲ್ಲ ವಾದ್ಯಗಳ ಸಾಲುಗಳಿರುವ ಸ್ವರಲಿಪಿ) ಇಳಿಸಿಕೊಳ್ಳಿ. ಮೊಜಾರ್ಟ್, ಬೀಥೊವನ್ ಅವರ ಕೃತಿಗಳು ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬೇರೆ ಬೇರೆ ಆರ್ಕೆಸ್ಟ್ರಾಗಳ ಮೂರು ಧ್ವನಿಮುದ್ರಿಕೆ ಕೇಳುತ್ತ, ನಿಮ್ಮ ಸಾಲಿನ ಮೇಲೆ ಕೆಳಗೆ ಏನಾಗುತ್ತಿದೆ ಎಂದು ಬೆರಳಿಟ್ಟು ನೋಡಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೊಜಾರ್ಟ್ 1788ರಲ್ಲಿ ಬರೆದ 40ನೆಯ ಸಿಂಫನಿ, ಜಿ ಮೈನರ್. ಆರಂಭಿಸುವವರು ವಯಲಿನ್‌ನವರಲ್ಲ. ವಿಯೋಲಾಗಳು ಮೆಲ್ಲನೆ ಮಿಡಿಯಲು ತೊಡಗುತ್ತವೆ, ವಯಲಿನ್‌ಗಳು ಮೂರು ಕ್ರಾಚೆಟ್ (ಇಲ್ಲಿ ಬಾರ್‌ನ ಕಾಲು ಭಾಗ) ಕಾಯ್ದು ನಾಲ್ಕನೆಯದರಲ್ಲಿ ಒಳಬರುತ್ತವೆ: ಇ ಫ್ಲಾಟ್, ಡಿ, ಡಿ. ಮೊದಲ ಎರಡು ಸ್ವರ ಒಂದೇ ಕಮಾನಿನಲ್ಲಿ, ಮೂರನೆಯದು ಬೇರೆ. ನೋಡಲು ಇಷ್ಟೇ. ತಪ್ಪುಗಳು ಎಲ್ಲಿ ಆಗುತ್ತವೆ? ಮಕ್ಕಳು ಆ ಇ ಫ್ಲಾಟ್ ಅನ್ನು ಒತ್ತಿ ನುಡಿಸುತ್ತಾರೆ. ಅದು ಮುಂದಿನ ಡಿ ಕಡೆಗೆ ವಾಲುವ ಸ್ವರ, ಭಾರ ಬೀಳಬೇಕಾದದ್ದು ಬಾರ್‌ನ ಮೊದಲ ಎಣಿಕೆಯ ಮೇಲೆ. ಮೆಲ್ಲಗೆ ಎಂಬ ಸೂಚನೆ ಇದ್ದರೂ ಆತಂಕದಲ್ಲಿ ಜೋರಾಗುತ್ತದೆ. ಇ ಫ್ಲಾಟ್ ಮತ್ತು ಡಿ ನಡುವಿನ ಅರ್ಧ ಸ್ವರದ ಅಂತರ ಅಗಲವಾಗಿಬಿಡುತ್ತದೆ. ಎರಡು ಬೆರಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಇರಬೇಕು. ನಾನು ಕುರ್ಚಿಯ ತೋಳಿನ ಮೇಲೆ ವಿಯೋಲಾದ ಮಿಡಿತವನ್ನು ತಟ್ಟುತ್ತೇನೆ, ಮಗು ಮೂರು ಎಣಿಸಿ ಒಳಬರಬೇಕು. ಮೊದಲ ದಿನ ಆ ಮೂರು ಸ್ವರ ಬಿಟ್ಟು ಮುಂದೆ ಹೋಗುವುದೇ ಇಲ್ಲ.

ಬೀಥೊವನ್ ಅವರ 5ನೆಯ ಸಿಂಫನಿ ಬಂದರೆ ನಮ್ಮ ತಾಳದ ಪಾಠ ನೇರವಾಗಿ ನೆರವಾಗುತ್ತದೆ. ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರಗಳಿಗೆ ಮುಂಚೆ ಬರಹದಲ್ಲಿ ಒಂದು ಮೌನ ಇದೆ, ಒಂದು ಕ್ವೇವರ್‌ನಷ್ಟು, ಅಂದರೆ ಅರ್ಧ ಕ್ರಾಚೆಟ್. ತಾಳ ಬಿದ್ದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಎಡಪು ಅಭ್ಯಾಸವಿದ್ದ ಮಗುವಿಗೆ ಇದು ಹೊಸದಲ್ಲ. ಉಳಿದವರು ಮೊದಲ ಸ್ವರವನ್ನು ಎಣಿಕೆಯ ಮೇಲೆಯೇ ಹಾಕಿ ಮೂರು ಸಮ ಸ್ವರಗಳ ಗುಂಪು, ಅಂದರೆ ಟ್ರಿಪ್ಲೆಟ್, ಮಾಡಿಬಿಡುತ್ತಾರೆ. ವಿಯೋಲಾ, ಚೆಲ್ಲೊ ನುಡಿಸುವವರಿಗೆ ಇದೇ ಕೃತಿಯ ಎರಡನೆಯ ಭಾಗದ (ಮೂವ್‌ಮೆಂಟ್) ಆರಂಭವನ್ನು ಅನೇಕ ಕಡೆ ಕೇಳುತ್ತಾರೆ. ಅದಕ್ಕೆ ಬೀಥೊವನ್ ಕೊಟ್ಟ ಮೆಟ್ರೊನೋಮ್ ಗುರುತು ಕ್ವೇವರ್‌ಗೆ 92. 60ರಿಂದ ಶುರುಮಾಡಿ, ಚುಕ್ಕೆ ಇರುವ ಸ್ವರದ ನಂತರದ ಚಿಕ್ಕ ಸ್ವರ ಸೋಮಾರಿಯಾಗದಂತೆ ನೋಡಿಕೊಳ್ಳಿ.

ಮುಂಬಯಿಯಲ್ಲಿರುವವರು ಇನ್ನೊಂದು ಭಾಗ್ಯವನ್ನು ಕಳೆದುಕೊಳ್ಳಬಾರದು. 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ನೆಲೆ ನಾರಿಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾಕೇಂದ್ರ. ಜುಬಿನ್ ಮೆಹ್ತಾ ಹುಟ್ಟಿದ ಊರು ಇದು. ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಆಡಿಷನ್‌ಗೆ ಮುಂಚೆ ಮಗುವನ್ನು ಒಂದು ಕಛೇರಿಗಾದರೂ ಕರೆದೊಯ್ಯಿರಿ. ಎಲ್ಲರನ್ನೂ ನಡೆಸುವ ಕಂಡಕ್ಟರನ್ನೇ ನೋಡುತ್ತಿರದೆ, ಎರಡನೆಯ ವಯಲಿನ್‌ಗಳ ಕೊನೆಯ ಸಾಲನ್ನು ನೋಡಲು ಹೇಳಿ. ಎಲ್ಲರ ಕಮಾನೂ ಒಂದೇ ಕ್ಷಣ ಮೇಲೇರುವುದನ್ನು, ಕಾಗದದ ಮೇಲಿದ್ದ ಕಣ್ಣು ನಡುನಡುವೆ ಮುಂದಿನವರತ್ತ ಹೋಗಿಬರುವುದನ್ನು ಕಂಡ ಮಗುವಿಗೆ ತಾನು ಏನಾಗಲು ಹೊರಟಿದ್ದೇನೆ ಎಂಬುದು ತಿಳಿಯುತ್ತದೆ.

ಕರ್ನಾಟಕ ಪಿಟೀಲಿನಿಂದ ಬಂದವರಿಗೆ

ಬಾಲುಸ್ವಾಮಿ ದೀಕ್ಷಿತರು ಯುರೋಪಿನ ವಾದ್ಯವನ್ನು ನಮ್ಮ ಸಂಗೀತಕ್ಕೆ ತಂದುಕೊಂಡು ಇನ್ನೂರು ವರ್ಷ ದಾಟಿವೆ. ಮೈಸೂರು ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಆ ಪರಂಪರೆಯಿಂದ ಬಂದ ಮಗು ಬರಿಗೈಯಲ್ಲಿ ಬಂದಿಲ್ಲ. ತಾಳ, ಕಿವಿ, ಕಂಠಪಾಠ ಅದರ ಬಳಿ ಇದೆ. ಆದರೆ ನಾಲ್ಕು ವಿಷಯಗಳನ್ನು ಹೊಸದಾಗಿ ಕಟ್ಟಬೇಕು, ಅದಕ್ಕೆ ನನ್ನ ಅನುಭವದಲ್ಲಿ ಕನಿಷ್ಠ ಒಂದು ವರ್ಷ ಬೇಕು. ತಂತಿಗಳ ಶ್ರುತಿ ಸ ಪ ಸ ಪ ಬಿಟ್ಟು ಜಿ, ಡಿ, ಎ, ಇ ಆಗುತ್ತದೆ. ವಾದ್ಯ ಪಾದದ ಆಸರೆ ಬಿಟ್ಟು ಗದ್ದ ಮತ್ತು ಹೆಗಲಿನ ನಡುವೆ ನಿಲ್ಲಬೇಕಾಗುತ್ತದೆ. ಸ್ವರಲಿಪಿಯನ್ನು ಕಣ್ಣಿನಿಂದ ಓದಿ ಅದೇ ಕ್ಷಣ ನುಡಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟ: ಗಮಕ. ಷಡ್ಜದಿಂದ ರಿಷಭಕ್ಕೆ ಜಾರುವುದು ಈ ಮಕ್ಕಳ ಬೆರಳಿಗೆ ಉಸಿರಾಟದಷ್ಟು ಸಹಜ. ಆರ್ಕೆಸ್ಟ್ರಾದಲ್ಲಿ ಹನ್ನೆರಡು ವಯಲಿನ್‌ಗಳು ಒಂದೇ ಸ್ವರಕ್ಕೆ ಬರುವಾಗ ಒಂದು ಜಾರಿದರೂ ಕೇಳುತ್ತದೆ. ಜಾರಬೇಡ ಎಂದು ಬೈದರೆ ಕೈ ಬಿಗಿಯುತ್ತದೆಯೇ ಹೊರತು ಜಾರು ನಿಲ್ಲುವುದಿಲ್ಲ. ಬೆರಳನ್ನು ಮೇಲಿಂದ ತಂತಿಯ ಮೇಲೆ ಇಳಿಸಿ, ಕಮಾನು ಆಮೇಲೆ ಎಳೆಯುವ ಅಭ್ಯಾಸ ಮಾಡಿಸಿ: ಬೆರಳು, ಒಂದು ಕ್ಷಣ ಮೌನ, ಕಮಾನು. ಎರಡು ತಿಂಗಳಲ್ಲಿ ಮೌನ ಕರಗಿ ಸ್ವರಗಳು ನೇರವಾಗಿ ನಿಲ್ಲುತ್ತವೆ. ಕರ್ನಾಟಕ ಸಂಗೀತದ ಪಾಠ ಬಿಡಿಸಬೇಡಿ. ಎರಡು ಭಾಷೆ ಮಾತನಾಡುವ ಮನೆಯ ಮಕ್ಕಳು ಇವರು, ಎರಡು ಸಂಗೀತವನ್ನೂ ಬೆರೆಸದೆ ನಡೆಸಬಲ್ಲರು.

ಸೈಟ್ ರೀಡಿಂಗ್

ದಿನಕ್ಕೆ ಐದು ನಿಮಿಷ, ಪ್ರತಿ ದಿನ ಹೊಸ ಪುಟ. ಒಮ್ಮೆ ನುಡಿಸಿದ್ದನ್ನು ಮತ್ತೆ ಮುಟ್ಟಬಾರದು. ಆಡಿಷನ್‌ನಲ್ಲಿ ಕಾಗದ ಕೈಗೆ ಬಂದಾಗ ಸಿಗುವ ಅಲ್ಪ ಸಮಯದಲ್ಲಿ ನೋಡಬೇಕಾದದ್ದು: ಎಷ್ಟು ಶಾರ್ಪ್ ಅಥವಾ ಫ್ಲಾಟ್, ಯಾವ ತಾಳ, ಅತಿ ಚಿಕ್ಕ ಸ್ವರಗಳು ಎಲ್ಲಿವೆ. ಆ ಚಿಕ್ಕ ಸ್ವರಗಳನ್ನು ಯಾವ ವೇಗದಲ್ಲಿ ನುಡಿಸಬಲ್ಲಿರೋ ಅದೇ ಇಡೀ ಪುಟದ ವೇಗ. ತಪ್ಪಿದರೆ ಹಿಂದೆ ಹೋಗದೆ ಮುಂದಿನ ಬಾರ್‌ನ ಮೊದಲ ಎಣಿಕೆಗೆ ಸೇರಿಕೊಳ್ಳಿ. ಮನೆಯಲ್ಲಿ ಅಪ್ಪನೋ ಅಕ್ಕನೋ ಒಂದು ಪೋಸ್ಟ್ ಕಾರ್ಡ್ ಹಿಡಿದು, ಮಗು ನುಡಿಸುತ್ತಿರುವ ಬಾರ್ ಅನ್ನು ಮುಚ್ಚುತ್ತ ಹೋಗಲಿ. ಕಣ್ಣು ತಾನಾಗಿ ಮುಂದೆ ಓಡಲು ಕಲಿಯುತ್ತದೆ. ಇದಕ್ಕೆ ಸಂಗೀತ ಬರಬೇಕಿಲ್ಲ, ತಾಳ್ಮೆ ಇದ್ದರೆ ಸಾಕು.

ಕೊನೆಯ ಮೂರು ವಾರ

ಈಗ ಹೊಸದೇನೂ ಕಲಿಯುವುದಿಲ್ಲ. ವಾರಕ್ಕೆ ಎರಡು ಸಲ ಪೂರ್ತಿ ಆಡಿಷನ್ ನಡೆಸಿ: ಬಾಗಿಲು ತಟ್ಟಿ ಒಳಬರುವುದು, ನಮಸ್ಕಾರ, ಹೆಸರು, ಕೃತಿ, ಸ್ಕೇಲ್, ಎಲ್ಲವೂ. ನುಡಿಸುವ ಅವಕಾಶ ಒಂದೇ. ಅಜ್ಜಿಯ ಮುಂದೆ, ಪಕ್ಕದ ಮನೆಯವರ ಮುಂದೆ, ಸೊಸೈಟಿಯ ಗಣೇಶೋತ್ಸವದಲ್ಲಿ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಎರಡು ನಿಮಿಷ ಕೇಳಿ ಪಡೆಯಿರಿ. ನಾನು ಮಕ್ಕಳನ್ನು ಮೂರು ಮಹಡಿ ಮೆಟ್ಟಿಲು ಹತ್ತಿಸಿ, ಬಾಗಿಲು ದಾಟಿದ ತಕ್ಷಣ ನುಡಿಸಲು ಹೇಳುತ್ತೇನೆ. ಎದೆ ಬಡಿದುಕೊಳ್ಳುವಾಗ ಕಮಾನು ನಡುಗುತ್ತದೆ, ವೇಗ ಏರುತ್ತದೆ. ಅಂಥ ಹೊತ್ತಿನಲ್ಲಿ ಮೊದಲ ಸ್ವರಕ್ಕೆ ಮುನ್ನ ಒಂದು ಬಾರ್ ಪೂರ್ತಿ ಒಳಗೇ ಎಣಿಸಿ, ಉಸಿರು ಬಿಟ್ಟು, ಆಮೇಲೆ ಶುರುಮಾಡುವುದನ್ನು ದೇಹ ಅಲ್ಲೇ ಕಲಿಯುತ್ತದೆ.

ವಾದ್ಯದ ಕಡೆಗೂ ಗಮನ ಬೇಕು. ತಂತಿ ಬದಲಿಸುವುದಿದ್ದರೆ ಎರಡು ಮೂರು ವಾರ ಮುಂಚೆ, ಹಿಂದಿನ ದಿನ ಎಂದಿಗೂ ಬೇಡ. ಹೊಸ ತಂತಿ ಎಳೆದುಕೊಂಡು ಶ್ರುತಿ ಇಳಿಯುತ್ತಲೇ ಇರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆಗಳು ಬಿಗಿಯುತ್ತವೆ, ಕಮಾನಿನ ಕೂದಲು ಸಡಿಲವಾಗುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ. ಹೊರಗಿನ ತೇವದಿಂದ ಎಸಿ ಸಭಾಂಗಣದ ಒಣ ತಂಪಿಗೆ ಹೋದಾಗ ಇದರ ವಿರುದ್ಧವಾಗಿ ಬಿರಡೆ ಜಾರಿ ತಂತಿ ಸಡಿಲಗೊಳ್ಳಬಹುದು. ಹೀಗಾಗಿ ವಾದ್ಯಕ್ಕೂ ಅಲ್ಲಿನ ಹವೆಗೆ ಹೊಂದಿಕೊಳ್ಳಲು ಅರ್ಧ ತಾಸು ಕೊಡಿ. ಒಂದು ಜೊತೆ ಹೆಚ್ಚುವರಿ ತಂತಿ, ಅದರಲ್ಲೂ ಇ ತಂತಿ, ಚೀಲದಲ್ಲಿರಲಿ. ಧೋಬಿ ತಲಾವ್‌ನಲ್ಲಿ 1865ರಿಂದ ಇರುವ ಫರ್ಟಾಡೋಸ್ ಅಂಗಡಿ ಭಾನುವಾರದ ಮುಂಜಾನೆ ನಿಮಗಾಗಿ ಬಾಗಿಲು ತೆರೆದಿರುವುದಿಲ್ಲ.

ಆ ದಿನ

ಆಡಿಷನ್ ಭಾನುವಾರವಾದರೆ ಹಿಂದಿನ ದಿನವೇ ರೈಲು ಹಳಿ ದುರಸ್ತಿಯ ಮೆಗಾ ಬ್ಲಾಕ್ ವಿವರ ನೋಡಿ. ಚೆಲ್ಲೊ ಒಯ್ಯುವವರು ಲೋಕಲ್‌ನ ಲಗೇಜ್ ಡಬ್ಬಿ ನಿಲ್ಲುವ ಜಾಗ ತಿಳಿದುಕೊಂಡಿರಿ. ವಯಲಿನ್ ಪೆಟ್ಟಿಗೆ ಬೆನ್ನಿಗಿಂತ ಎದೆಯ ಮೇಲಿದ್ದರೆ ಕ್ಷೇಮ. ಎಡಗೈ ಉಗುರು ಹಿಂದಿನ ರಾತ್ರಿಯೇ ಕತ್ತರಿಸಿರಲಿ. ಬೆಳಿಗ್ಗೆ ಅವಲಕ್ಕಿಯೋ ಇಡ್ಲಿಯೋ ಹಗುರಾಗಿ ತಿಂದು ಹೊರಡಿ, ಸ್ವರಲಿಪಿಯ ಎರಡು ಪ್ರತಿ ಇಟ್ಟುಕೊಳ್ಳಿ, 45 ನಿಮಿಷ ಮುಂಚೆ ತಲುಪಿ. ಕಾಯುವ ಕೋಣೆಯಲ್ಲಿ ಬೇರೆ ಮಕ್ಕಳು ಕಷ್ಟದ ಭಾಗಗಳನ್ನು ಜೋರಾಗಿ ನುಡಿಸುತ್ತಿರುತ್ತಾರೆ. ನೀವು ನಿಧಾನದ ಸ್ಕೇಲ್ ಮಾತ್ರ ನುಡಿಸಿ.

ಒಳಗೆ, ತೀರ್ಪುಗಾರರು ಅರ್ಧದಲ್ಲಿ ನಿಲ್ಲಿಸಿದರೆ ಅದು ಕೆಟ್ಟ ಸೂಚನೆಯಲ್ಲ. ಅವರಿಗೆ ಬೇಕಾದದ್ದು ಕೇಳಿಸಿದೆ ಎಂದಷ್ಟೇ. "ಇದನ್ನೇ ಇನ್ನೂ ಮೆಲ್ಲಗೆ ನುಡಿಸು" ಎಂದು ಹೇಳಿದರೆ ಹಿಗ್ಗಬೇಕು. ಹೇಳಿದ್ದನ್ನು ಮಗು ಎಷ್ಟು ಬೇಗ ಕೈಗೆ ತರುತ್ತದೆ ಎಂದು ನೋಡುತ್ತಿದ್ದಾರೆ, ರಿಹರ್ಸಲ್‌ನಲ್ಲಿ ಇಡೀ ದಿನ ನಡೆಯುವುದು ಅದೇ. ಆಗ ಬದಲಾವಣೆ ಎದ್ದು ಕೇಳುವಂತಿರಲಿ. ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಕೇಳಲಿ.

ಹೆತ್ತವರಲ್ಲಿ ನನ್ನದೊಂದು ವಿನಂತಿ: ಬಾಗಿಲಿಗೆ ಕಿವಿಗೊಟ್ಟು ನಿಲ್ಲಬೇಡಿ, ಮಗು ಹೊರಬಂದ ಕೂಡಲೇ ಎಲ್ಲಿ ತಪ್ಪಿತು ಎಂದು ಕೇಳಬೇಡಿ. ಮರೀನ್ ಡ್ರೈವ್‌ನಲ್ಲಿ ಸ್ವಲ್ಪ ಹೊತ್ತು ಕುಳಿತು, ಮಗುವೇ ಬಾಯಿ ಬಿಡುವವರೆಗೆ ಕಾಯಿರಿ. ಆಯ್ಕೆಯಾಗದಿದ್ದರೆ ಎರಡು ದಿನ ಬಿಟ್ಟು ವಿನಯದಿಂದ ಒಂದು ಪತ್ರ ಬರೆದು, ಯಾವುದನ್ನು ಸುಧಾರಿಸಬೇಕು ಎಂದು ಕೇಳಿ. ಉತ್ತರ ಬಂದರೆ ಮುಂದಿನ ವರ್ಷದ ಪಾಠ ಅಲ್ಲಿಂದ ಶುರು.

ಆಯ್ಕೆಯಾದರೆ ಮೊದಲ ರಿಹರ್ಸಲ್‌ಗೆ ಪೆನ್ಸಿಲ್, ರಬ್ಬರ್ ಮರೆಯಬೇಡಿ. ಕಮಾನಿನ ಗುರುತುಗಳು ಬದಲಾಗುತ್ತಲೇ ಇರುತ್ತವೆ, ಪೆನ್ನಿನಲ್ಲಿ ಬರೆಯುವಂತಿಲ್ಲ. ಒಂದು ಸ್ಟ್ಯಾಂಡಿಗೆ ಇಬ್ಬರು ಕೂರುತ್ತಾರೆ, ಒಳಬದಿಯಲ್ಲಿ ಕುಳಿತವರು ಪುಟ ತಿರುಗಿಸಬೇಕು. ಹೊಸಬರಿಗೆ ಹೆಚ್ಚಾಗಿ ಸಿಗುವುದು ಆ ಜಾಗವೇ. ಕಮಾನನ್ನು ಬಲಗೈಯಲ್ಲೇ ಹಿಡಿದು, ಸದ್ದಾಗದಂತೆ ಪುಟ ತಿರುಗಿಸಿ, ಮುಂದಿನ ಬಾರ್‌ಗೆ ತಪ್ಪದೆ ಸೇರಿಕೊಳ್ಳುವುದನ್ನು ಮನೆಯಲ್ಲೇ ಹತ್ತು ಸಲ ಮಾಡಿ ನೋಡಿಕೊಂಡು ಹೋಗಿ.